ಮೂರನೆಯ ಬೋಲ್ಟು ಮತ್ತು ಇಳಿತದ ಹೊತ್ತು

ಮಲಗಿಕೊಂಡು ಮಾಡಬಹುದಾದ ಕೆಲಸ ಯಾವುದಾದರೂ ಇದೆಯೇ ಎಂದು ನಾನು ಚಿಕ್ಕಂದಿನಿಂದಲೂ ಹುಡುಕುತ್ತ ಬಂದವನು. ಇದನ್ನು ಸೋಮಾರಿತನ ಎನ್ನುವವರು ಧಾರಾಳವಾಗಿ ಅನ್ನಲಿ, ನನ್ನ ತಕರಾರಿಲ್ಲ. ಕುಳಿತಾಗ ಹೊಳೆಯದ ವಿಚಾರಗಳು ಅಂಗಾತ ಮಲಗಿದಾಗ ತಾವಾಗಿಯೇ ಬಂದು ಎದೆಯ ಮೇಲೆ ಕೂರುತ್ತವೆ ಎಂಬುದು ನನ್ನ ಅನುಭವ. ಆದರೆ ಹಗಲು ಹೊತ್ತು ಮಲಗಿದ ಗಂಡಸನ್ನು ಸುಮ್ಮನೆ ಬಿಡುವ ಮನೆ ಯಾವುದಿದೆ? ಪುಸ್ತಕ ಹಿಡಿದು ಮಲಗಿದರೆ ಕಾಯಿ ಸುಲಿಯಲು ಕರೆಯುತ್ತಾರೆ. ಕಣ್ಣು ಮುಚ್ಚಿ ಮಲಗಿದರೆ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಅಂಗಡಿಗೆ ಅಟ್ಟುತ್ತಾರೆ. ಇಡೀ ಲೋಕದಲ್ಲಿ ಅಂಗಾತ ಮಲಗಿಯೂ ಮರ್ಯಾದೆ ಗಳಿಸಬಹುದಾದ ಜಾಗವೊಂದಿದ್ದರೆ ಅದು ಕೆಟ್ಟು ನಿಂತ ಕಾರಿನ ಅಡಿ. ಅಲ್ಲಿ ಮಲಗಿದವನ ಕಾಲು ಮಾತ್ರ ಹೊರಗೆ ಕಾಣುತ್ತದೆ. ಆ ಕಾಲುಗಳನ್ನು ನೋಡಿದವರೆಲ್ಲ "ಪಾಪ, ಎಷ್ಟು ಕೆಲಸ ಮಾಡ್ತಾರೆ" ಎಂದುಕೊಂಡು ದನಿ ತಗ್ಗಿಸಿ ಮಾತಾಡುತ್ತಾರೆ. ಹೊತ್ತುಹೊತ್ತಿಗೆ ಚಹಾ ಬರುತ್ತದೆ. ಈ ಸುಖದ ಗುಟ್ಟು ನನಗೆ ತಿಳಿದದ್ದು ನಲವತ್ತನೆಯ ವಯಸ್ಸಿನಲ್ಲಿ, ಒಂದು ಮಳೆಗಾಲದಲ್ಲಿ, ತುಕ್ಕು ಹಿಡಿದ ಮೂರು ಬೋಲ್ಟುಗಳ ದಯೆಯಿಂದ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಭಟ್ಕಳದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಏಳು ಯಂತ್ರಗಳು, ಅವುಗಳ ಮುಂದೆ ಬೆಳಗ್ಗೆ ಮತ್ತು ಸಂಜೆ ಕೂತು ಕುಟ್ಟುವ ವಿದ್ಯಾರ್ಥಿಗಳು, ಗೋಡೆಗೆ ಒಂದು ಗಡಿಯಾರ, ನನಗೊಂದು ಕುರ್ಚಿ. ಯಾರಾದರೂ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ "ಟೈಪ್ ಮಾಡಿ, ಟೈಪ್ ಮಾಡಿ" ಎಂದು ಗಡಿಯಾರ ತೋರಿಸುತ್ತಿದ್ದೆ. ಏಳು ಜನ ಒಟ್ಟಿಗೆ ಕುಟ್ಟತೊಡಗಿದರೆ ಯಾವ ಪ್ರಶ್ನೆಯೂ ಬದುಕಿ ಉಳಿಯುವುದಿಲ್ಲ. ಯಂತ್ರಗಳ ರಿಪೇರಿಯನ್ನು ಮಾತ್ರ ನಾನೇ ಮಾಡಿಕೊಳ್ಳುತ್ತಿದ್ದೆ. ಎಳ್ಳುಕಾಳಿನಷ್ಟು ಚಿಕ್ಕ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ತೆಂಗಿನ ಗೆರಟೆಯಲ್ಲಿ ಜೋಡಿಸಿಟ್ಟು, ಎಣ್ಣೆ ಬಿಟ್ಟು, ಮತ್ತೆ ಅವುಗಳನ್ನು ಅವುಗಳ ಮನೆಗೆ ಸೇರಿಸುತ್ತಿದ್ದೆ. ಒಂದೂ ಕಳೆದಿದ್ದಿಲ್ಲ. ಇದರಿಂದ ನನಗೆ ಯಂತ್ರಲೋಕವೆಲ್ಲ ನನ್ನ ಬೆರಳ ತುದಿಯಲ್ಲಿದೆ ಎಂಬ ಭ್ರಮೆ ಹುಟ್ಟಿತು. ಕಾರು ಎಂದರೆ ದೊಡ್ಡದೊಂದು ಟೈಪ್‌ರೈಟರ್ ಎಂದೇ ನಾನು ತಿಳಿದಿದ್ದೆ.

ಈ ಬೆರಳುಗಳ ಬಗ್ಗೆ ಒಂದು ಹಳೆಯ ನೋವಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಮಾದೇವಿ ತೆಂಗಿನಗುಂಡಿಯವಳು. ಅವಳ ಅಪ್ಪ ಜಟ್ಟಪ್ಪ ಮಾವ ದೋಣಿಯ ಯಜಮಾನ, ಹುಟ್ಟಿದಾಗಿನಿಂದ ಕಡಲು ಕಂಡ ಮನುಷ್ಯ. ಹೆಣ್ಣು ನೋಡಲು ಹೋದ ದಿನ ಎಲ್ಲರೂ ನನ್ನ ಓದು, ಸಂಪಾದನೆ ವಿಚಾರಿಸುತ್ತಿದ್ದರೆ ಮಾವ ಮಾತ್ರ ಏನೂ ಕೇಳದೆ ನನ್ನ ಬಲಗೈಯನ್ನು ಎಳೆದುಕೊಂಡು ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಪೇಟೆಯಲ್ಲಿ ಮೀನು ತಾಜಾ ಇದೆಯೋ ಇಲ್ಲವೋ ಎಂದು ಒತ್ತಿ ನೋಡುತ್ತಾರಲ್ಲ, ಹಾಗೆಯೇ. ಆಮೇಲೆ ಕೈಯನ್ನು ಜೋಪಾನವಾಗಿ ನನ್ನ ತೊಡೆಯ ಮೇಲೆ ವಾಪಸು ಇಟ್ಟು, "ಮೆತ್ಗೆ ಅದೆ" ಎಂದರು. ಅಷ್ಟೇ. ಮಗಳನ್ನೇನೋ ಕೊಟ್ಟರು. ಆದರೆ ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ನನ್ನನ್ನು ಅಳಿಯ ಎಂದು ಕರೆಯಲಿಲ್ಲ. "ಮಾಸ್ತರೇ ಬನ್ನಿ, ಮಾಸ್ತರೇ ಕೂತ್ಕಳಿ." ದೋಣಿ ಎಳೆಯುವಾಗ ನಾನು ಹಗ್ಗಕ್ಕೆ ಕೈ ಹಾಕಿದರೆ, "ಮಾಸ್ತರಿಗೆ ಕುರ್ಚಿ ತನ್ನಿ" ಎನ್ನುತ್ತಿದ್ದರು. ಮರ್ಯಾದೆಯಿಂದಲೇ ಅನ್ನುತ್ತಿದ್ದರು, ಅದೇ ಹೆಚ್ಚು ಚುಚ್ಚುತ್ತಿತ್ತು.

ಇಂಥ ನನ್ನ ಕೈಗೆ ಆ ಕಾರು ಬಂದದ್ದು ಎದುರುಮನೆಯ ಇಸ್ಮಾಯಿಲ್ ಸಾಹೇಬರಿಂದ. ಅವರು ಮುಂಬಯಿಯಲ್ಲಿ ಬಟ್ಟೆ ವ್ಯಾಪಾರ ಮಾಡಿ ಸಾಕಾಗಿ ಊರಿಗೆ ಬಂದವರು, ಬರುವಾಗ ತಮ್ಮ ಬೂದುಬಣ್ಣದ ಕಾರನ್ನೂ ತಂದಿದ್ದರು. ಆಮೇಲೆ ಕಣ್ಣು ಮಂದವಾಗಿ, ಕಾರು ನನ್ನ ಅಂಗಳ ಸೇರಿತು. ಅದು ಯಾವ ಕಂಪನಿಯದು ಎಂದು ಹೇಳುವುದಿಲ್ಲ, ಕಂಪನಿಯ ತಪ್ಪೇನೂ ಇರಲಿಲ್ಲ. ನಮ್ಮ ಕಡೆಯ ಗಾಳಿಯಲ್ಲಿ ಉಪ್ಪಿದೆ. ಬಾಗಿಲ ಚಿಲಕ, ಬಾವಿಯ ರಾಟೆ, ಛತ್ರಿಯ ಕಡ್ಡಿ ಯಾವುದನ್ನೂ ಅದು ಬಿಡುವುದಿಲ್ಲ. ಕಾರಿನ ಹೊಟ್ಟೆಯನ್ನಂತೂ ಅದು ವರ್ಷಗಟ್ಟಲೆ ಮೆಲ್ಲಗೆ ನೆಕ್ಕುತ್ತಿತ್ತು. ಆ ಮಳೆಗಾಲದ ಒಂದು ಬೆಳಗ್ಗೆ ನಾನು ಕಾರು ಶುರುಮಾಡಿದ್ದೇ ತಡ, ಭೂಮಿ ಬಿರಿದಂತೆ ಶಬ್ದವಾಯಿತು. ಸೈಲೆನ್ಸರ್ ಉದ್ದಕ್ಕೆ ಸೀಳಿಹೋಗಿತ್ತು. ಇಸ್ಮಾಯಿಲ್ ಸಾಹೇಬರು ಹೆಡ್ಡಾಫೀಸಿಗೆ ಬಂದ ದೂರಿನಂತೆ ಆ ಶಬ್ದವನ್ನು ಗಂಭೀರವಾಗಿ ಕೇಳಿಸಿಕೊಂಡು, ತಮ್ಮ ಮಾಳಿಗೆಯಲ್ಲಿ ಇನ್ನೊಂದು ಸೈಲೆನ್ಸರ್ ಬಿದ್ದಿದೆ, ಹಳೆಯದನ್ನು ಬಿಚ್ಚಿ ಇದನ್ನು ಕಟ್ಟಿದರಾಯಿತು ಎಂದರು. "ಮೂರೇ ಮೂರು ಬೋಲ್ಟ್, ಮಾಸ್ಟರ್ ಸಾಬ್. ಹತ್ತು ಮಿನಿಟಿನ ಕೆಲಸ."

ಗ್ಯಾರೇಜಿಗೆ ಯಾಕೆ ಒಯ್ಯಲಿಲ್ಲ ಎಂದು ನೀವು ಕೇಳಬಹುದು. ಗ್ಯಾರೇಜಿನವನು ಮಳೆಗಾಲಕ್ಕೆ ಬಾಗಿಲು ಹಾಕಿ ಕುಮಟೆಯ ತನ್ನ ಮನೆಗೆ ಹೋಗಿದ್ದ ಎಂಬುದು ನಾನು ಆಗ ಎಲ್ಲರಿಗೂ ಹೇಳುತ್ತಿದ್ದ ಕಾರಣ. ನಿಜವಾದ ಕಾರಣ ಬೇರೆ. ಅದರ ಹಿಂದಿನ ಭಾನುವಾರ ತೆಂಗಿನಗುಂಡಿಯಲ್ಲಿ ಬಲೆ ಪೋಣಿಸುತ್ತ ಕೂತ ದೋಣಿಯವರೆಲ್ಲರ ಎದುರು ನಾನು ಒಂದು ಮಾತು ಕೊಟ್ಟುಬಿಟ್ಟಿದ್ದೆ. ಪ್ರತಿ ವರ್ಷ, ಮಳೆಗಾಲದ ಬಿಡುವು ಮುಗಿಸಿ ದೋಣಿ ಇಳಿಸುವ ನೂಲು ಹುಣ್ಣಿಮೆಗೆ ಮೊದಲು, ಜಟ್ಟಪ್ಪ ಮಾವ ಇಡಗುಂಜಿಗೆ ಹೋಗಿ ಗಣಪತಿಗೆ ಪಂಚಕಜ್ಜಾಯ ಒಪ್ಪಿಸಿ ಬರುತ್ತಿದ್ದರು. ಒಪ್ಪಿಸದೆ ದೋಣಿಯನ್ನು ನೀರಿಗೆ ಇಳಿಸಿದವರಲ್ಲ. ಆ ಸಲ ದೋಣಿ ಎಳೆಯುವಾಗ ಜಾರಿ ಬಿದ್ದು ಅವರ ಬಲ ಮೊಣಕಾಲು ಕೆಟ್ಟಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಕಾಲು ಮಡಚುತ್ತಿರಲಿಲ್ಲ. "ಈ ವರ್ಷ ಹೋಗುಕಾಗ, ದೋಣಿನೂ ಇಳಿಸೂದಿಲ್ಲ" ಎಂದು ಅವರು ಅಂದಾಗ ಹನ್ನೊಂದು ಮಂದಿ ದೋಣಿಯವರ ಕೈ ಬಲೆಯ ಮೇಲೆ ನಿಂತಿತು. ಒಬ್ಬ ಮುದುಕನ ಹಟಕ್ಕೆ ಹನ್ನೊಂದು ಮನೆಗಳ ಒಲೆ ಕಾಯಬೇಕಿತ್ತು. ಆಗ ನಾನು ಎದ್ದುನಿಂತು, "ಮಾವ, ನನ್ನ ಕಾರಿನಲ್ಲಿ ನಾನು ಕರೆದುಕೊಂಡು ಹೋಗ್ತೇನೆ. ಏನೇ ಕೆಟ್ಟರೂ ನಾನೇ ಸರಿಮಾಡಿಕೊಳ್ತೇನೆ" ಎಂದೆ. ಕೊನೆಯ ವಾಕ್ಯ ಬೇಕಿರಲಿಲ್ಲ. ಮಾವ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

ಹುಣ್ಣಿಮೆಗೆ ಎಂಟು ದಿನವಿತ್ತು. ಅಂಗಳದ ಬದಿಗೆ ತೆಂಗಿನ ಗರಿ ಹೆಣೆದ ಮಡಲಿನ ಮಾಡು ಕಟ್ಟಿ, ಕಾರಿನ ನಾಲ್ಕು ಗಾಲಿಗಳನ್ನೂ ಚಿರೆಕಲ್ಲುಗಳ ಮೇಲೆ ಹತ್ತಿಸಿ, ಹಳೆಯ ಚಾಪೆ ಹಾಸಿ ನಾನು ಒಳಗೆ ಸರಿದೆ. ಆಹಾ! ಅದೊಂದು ಬೇರೆಯೇ ಊರು. ಮೇಲೆ ಕಾರಿನ ಹೊಟ್ಟೆಯ ತುಂಬ ತುಕ್ಕಿನ ನಕಾಶೆ, ಅದರಲ್ಲಿ ನಾನು ಎಂದೂ ಹೋಗದ ದ್ವೀಪಗಳು, ಕೆಂಪು ಕರಾವಳಿಗಳು. ಮಡಲಿನ ಮೇಲೆ ಮಳೆ ಬೀಳುತ್ತಿತ್ತು. ಮಳೆ ನಿಂತಾಗ ದೂರದಲ್ಲಿ ಕಡಲು ಮೊರೆಯುವುದು ಕೇಳುತ್ತಿತ್ತು, ಮಣ್ಣಿನೊಳಗಿಂದ ಬೆನ್ನಿಗೇ ಕೇಳುತ್ತಿತ್ತು. ಅಂಗಳದಲ್ಲಿ ನಡೆಯುವವರ ಪಾದ ಮಾತ್ರ ಕಾಣುವುದು. ಪಾದ ನೋಡಿಯೇ ಇದು ಮಾದೇವಿ, ಇದು ಸಾಹೇಬರು, ಇದು ಟಪಾಲಿನವನು ಎಂದು ಗುರುತಿಸತೊಡಗಿದೆ. ಮೊದಲ ದಿನ ಅರ್ಧ ಗಂಟೆ ನಾನು ಬೋಲ್ಟು ತಿರುಗಿಸುವ ಪಾನಾ ಮುಟ್ಟಲೇ ಇಲ್ಲ. ಇಷ್ಟು ವರ್ಷ ಇಂಥ ಜಾಗವನ್ನು ಬಿಟ್ಟು ಕುರ್ಚಿಯ ಮೇಲೆ ಬದುಕಿದೆನಲ್ಲ ಎಂದು ಬೇಸರವಾಯಿತು.

ಆಮೇಲೆ ಪಾನಾ ಮುಟ್ಟಿದೆ. ಇಂಜಿನಿನಿಂದ ಬರುವ ಹೊಗೆ ಕೊಳವೆ ಸೈಲೆನ್ಸರಿನ ಕೊಳವೆಗೆ ಕೂಡುವ ಕಡೆ ಆ ಮೂರು ಬೋಲ್ಟುಗಳಿದ್ದವು. ಬೋಲ್ಟು ಅಂದರೆ ಬೋಲ್ಟಿನ ಆಕಾರವೇನೂ ಇರಲಿಲ್ಲ, ಮೂರು ಬೆಲ್ಲದ ಅಚ್ಚುಗಳ ಹಾಗೆ ಕಂದಾಗಿ ಕೂತಿದ್ದವು. ಕಾರು ಓಡಿದಷ್ಟು ಕಾಲವೂ ಕಾದು, ಆರಿ, ಕಾದು, ಆರಿ ಕೊಳವೆಯ ಕಬ್ಬಿಣದ ಜೊತೆ ಒಂದಾಗಿಬಿಟ್ಟಿದ್ದವು. ನಾನು ಟೈಪ್‌ರೈಟರಿನ ಸ್ಕ್ರೂ ತಿರುಗಿಸುವ ನಯದಲ್ಲಿ ಎರಡು ಬೆರಳಿನಿಂದ ಪಾನಾ ತಿರುಗಿಸಿದೆ. ಅವು ನನ್ನನ್ನು ಗಮನಿಸಲಿಲ್ಲ. ಎರಡೂ ಕೈ ಹಾಕಿದೆ. ಕಾಲನ್ನು ಗಾಲಿಗೆ ಒತ್ತಿಕೊಟ್ಟು ಹಲ್ಲು ಕಚ್ಚಿ ಎಳೆದೆ. ಪಾನಾ ಜಾರಿ ನನ್ನ ಗೆಣ್ಣು ಸುಲಿಯಿತು, ತುಕ್ಕಿನ ಪುಡಿ ಕಣ್ಣಿಗೆ ಬಿತ್ತು. "ಆತಾ?" ಎಂದು ಮಾದೇವಿಯ ಪಾದಗಳು ಕೇಳಿದವು. "ಆತು, ಆಗ್ತಾ ಬಂತು" ಎಂದೆ. ಮರುದಿನ ಸೀಮೆಎಣ್ಣೆ ಹಾಕಿದೆ, ಅದರ ಮರುದಿನ ಯಂತ್ರಗಳಿಗೆ ಬಿಡುವ ಎಣ್ಣೆ ಹಾಕಿದೆ. ಎಣ್ಣೆ ನನ್ನ ಹಣೆಯ ಮೇಲೆ ತೊಟ್ಟಿಕ್ಕಿತೇ ಹೊರತು ಬೋಲ್ಟಿನೊಳಗೆ ಇಳಿಯಲಿಲ್ಲ. ಮೂರು ದಿನವೂ ಮಾದೇವಿಗೆ "ಆಗ್ತಾ ಬಂತು" ಎಂದೇ ಹೇಳಿದೆ. ಅವಳು ಮೂರು ದಿನವೂ ಚಹಾ ತಂದಿಟ್ಟಳು.

ನಾಲ್ಕನೆಯ ದಿನ ನನ್ನ ಬುದ್ಧಿಗೆ ಎರಡು ವಿಚಾರಗಳು ಒಟ್ಟಿಗೆ ಹೊಳೆದವು, ಒಂದೊಂದಾಗಿ ಹೊಳೆದಿದ್ದರೆ ಅನಾಹುತವಿರಲಿಲ್ಲ. ಒಂದು, ದೋಣಿಯವರು ಉಪ್ಪುನೀರಿಗೆ ಹೆದರಿ ಹಲಗೆಗೂ ಮೊಳೆಗೂ ಬಳಿಯುವುದು ಮೀನೆಣ್ಣೆ. ಕಡಲಿನ ತುಕ್ಕಿಗೆ ಕಡಲಿನದೇ ಮದ್ದು ಯಾಕಾಗಬಾರದು? ತಾರ್ಲೆ ಮೀನಿನ ಎಣ್ಣೆಯ ಡಬ್ಬವೊಂದನ್ನು ಮಾದೇವಿ ಬಾಗಿಲಿಗೆ ಬಳಿಯಲೆಂದು ತೌರಿನಿಂದ ತಂದಿಟ್ಟಿದ್ದಳು. ಇನ್ನೊಂದು, ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ, ಇದನ್ನು ಶಾಲೆಯಲ್ಲೇ ಓದಿದ್ದೆ. ಹಾಗಾಗಿ ಅರ್ಧ ಗೆರಟೆ ಮೀನೆಣ್ಣೆಯನ್ನು ಮೂರೂ ಬೋಲ್ಟುಗಳಿಗೆ, ಕೊಳವೆಗೆ, ಸುತ್ತಮುತ್ತಲಿಗೆ ಧಾರಾಳವಾಗಿ ಮೆತ್ತಿ, ಹೊರಬಂದು ಇಂಜಿನ್ ಶುರುಮಾಡಿ ಕಾಲು ಗಂಟೆ ಬಿಟ್ಟೆ. ಸೀಳಿದ ಸೈಲೆನ್ಸರಿನಿಂದ ಗುಡುಗು ಹೊರಟಿತು. ಅದರ ಹಿಂದೆಯೇ ಕೊಳವೆಯ ಮೈಯಿಂದ ನೀಲಿ ಹೊಗೆ ಎದ್ದಿತು. ಆ ಹೊಗೆಗೆ ಕಾದ ಕಾವಲಿಯ ಮೇಲೆ ಹತ್ತಿಪ್ಪತ್ತು ತಾರ್ಲೆ ಒಟ್ಟಿಗೆ ಹುರಿದ ವಾಸನೆಯಿತ್ತು.

ಅದು ಆಷಾಢ ಮುಗಿದು ಶ್ರಾವಣ ಕಾಲಿಟ್ಟ ಸಮಯ ಎಂಬುದನ್ನು ಮರೆಯಬೇಡಿ. ಎರಡು ತಿಂಗಳಿಂದ ಒಂದು ದೋಣಿಯೂ ಕಡಲಿಗೆ ಇಳಿದಿರಲಿಲ್ಲ. ನಮ್ಮ ಊರು ಒಣಮೀನನ್ನು ಸುಟ್ಟು, ನೆಂಚಿಕೊಂಡು, ನಿಟ್ಟುಸಿರು ಬಿಡುತ್ತ ದಿನ ನೂಕುತ್ತಿತ್ತು. ಅಂಥ ಊರಿನ ಮೂಗಿಗೆ ನಾನು ತಾಜಾ ತಾರ್ಲೆಯ ವಾಸನೆ ಬಿಟ್ಟಿದ್ದೆ, ಅದೂ ಡಂಗುರ ಸಾರುತ್ತ. ಮೊದಲು ಬೆಕ್ಕುಗಳು ಬಂದವು, ಎಣಿಸಿದೆ, ಒಂಬತ್ತು. ಕಾರಿನ ಸುತ್ತ ಪೂಜೆಗೆ ಕೂತವರಂತೆ ಕೂತವು. ಆಮೇಲೆ ಛತ್ರಿ ಹಿಡಿದ ಇಸ್ಮಾಯಿಲ್ ಸಾಹೇಬರು. "ಮಾಸ್ಟರ್ ಸಾಬ್, ಈ ಮಳೆಯಲ್ಲಿ ತಾರ್ಲೆ ಎಲ್ಲಿ ಸಿಕ್ತು? ನಮ್ಮ ಮನೆಯವರು ಕೇಳಿ ಬಾ ಅಂದ್ರು." ಅವರ ಛತ್ರಿಯ ಮರೆಯಲ್ಲಿ ಒಂದು ಪಾತ್ರೆಯೂ ಇತ್ತು. ಬೇಲಿಯ ಆಚೆ ಮೂರು ಮನೆಯವರು ನಿಂತು ಮಾದೇವಿಯ ಜೊತೆ ಜಗಳಕ್ಕೆ ಶುರುಮಾಡಿದ್ದರು. ತೌರಿನಿಂದ ಮೀನು ಬಂದರೆ ಮೊದಲೆಲ್ಲ ಹಂಚುತ್ತಿದ್ದಳು, ಈಗ ಕದ್ದು ಹುರಿಯುತ್ತಾಳೆ ಎಂಬುದು ಅವರ ಆಪಾದನೆ. ಮೀನಲ್ಲ, ಕಾರು ಎಂದು ಅವಳು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಒಬ್ಬೊಬ್ಬರನ್ನೇ ಕರೆತಂದು, ಬಗ್ಗಿಸಿ, ಕೊಳವೆಯನ್ನು ಮೂಸಿಸಿ ಕಳಿಸಿದಳು. ಸಾಹೇಬರು ಮೂಸಿ ನೋಡಿ, "ಉಪ್ಪು ಕಡಿಮೆ" ಎಂದರು.

ಬೋಲ್ಟುಗಳು ಅಲುಗಲಿಲ್ಲ. ಸುದ್ದಿ ಮಾತ್ರ ಅಲುಗಿತು. ಮರುದಿನ ಬೆಳಗ್ಗೆ ನಾನು ಕಾರಿನಡಿ ಇದ್ದಾಗ ಅಂಗಳದಲ್ಲಿ ಹೊಸ ಪಾದಗಳು ಕಂಡವು. ಒಂದು ಪಾದ ನೆಟ್ಟಗೆ ಬೀಳುತ್ತಿತ್ತು, ಇನ್ನೊಂದು ನೆಲ ತಡವಿಕೊಂಡು. ಜಟ್ಟಪ್ಪ ಮಾವ ಯಾರದೋ ಸೈಕಲ್ಲಿನ ಹಿಂದೆ ಕಾಲು ಚಾಚಿ ಕುಳಿತು ಬಂದಿದ್ದರು. ಚಿರೆಕಲ್ಲಿನ ಮೇಲೆ ಕೂತು ಸ್ವಲ್ಪ ಹೊತ್ತು ಮೂಗು ಅರಳಿಸಿದರು.

"ಎಂತ ಮಾಸ್ತರೇ, ನಮ್ಮ ಎಣ್ಣೆ ಹುರ್ದ್ರಂತೆ?"

"ಬಿಸಿ ಮಾಡಿದರೆ ಸಡಿಲ ಆಗ್ತದೆ ಅಂತ, ಮಾವ."

"ಬಿಸಿ ಮಾಡ್ದಾಗ ಎಣ್ಣೆ ಹೊಗೆ ಆಗೋಯ್ತು. ಎಣ್ಣೆ ಹಾಕ್ದ ಮೇಲೆ ಕಾಯ್ಬೇಕು. ದೋಣಿ ಮೊಳೆಗೂ ಹಂಗೇ. ಎಣ್ಣೆ ಒಳ್ಗೆ ಇಳೂಕೆ ಹೊತ್ತು ಬೇಡ್ವಾ?" ಆಮೇಲೆ ಆಕಾಶ ನೋಡಿ, "ಈಗ ಭರ್ತಿ. ನೀರು ಪೂರಾ ಇಳೀಲಿ. ಎರಡು ಗಂಟೆಗೆ ನೋಡ್ವ" ಎಂದರು.

ನನಗೆ ನಗು ಬಂತು. ಕಡಲು ಮೈಲಿಗಟ್ಟಲೆ ದೂರ, ಕಾರು ಅಂಗಳದಲ್ಲಿ, ಇದಕ್ಕೂ ಭರ್ತಿ ಇಳಿತಕ್ಕೂ ಏನು ಸಂಬಂಧ? ದೋಣಿಯ ಕೆಲಸ ಇಳಿತಕ್ಕೆ ಮಾಡುವುದು ದೋಣಿ ಆಗ ಒಣಗಿದ ಮರಳ ಮೇಲೆ ಕೂರುತ್ತದೆ ಎಂಬ ಕಾರಣಕ್ಕೆ. ಆದರೆ ಮಾವನ ಕೈ ಅರವತ್ತು ವರ್ಷ ಕಡಲಿನ ಗಡಿಯಾರ ನೋಡಿಯೇ ಸುತ್ತಿಗೆ ಎತ್ತಿದ್ದು, ಹೊತ್ತು ತಪ್ಪಿದರೆ ಅದು ಏಳುತ್ತಲೇ ಇರಲಿಲ್ಲ. ಅಂತೂ ಎಣ್ಣೆ ಹಾಕಿ ಕಾದೆವು. ಎರಡು ಗಂಟೆಗೆ ಅವರು ಹೊರಗೆ ಕಲ್ಲಿನ ಮೇಲೆ ಕಾಲು ಚಾಚಿ ಕೂತರು, ನಾನು ಒಳಗೆ ಮಲಗಿದೆ. ಬೋಲ್ಟಿನ ತಲೆಗೆ ಸುತ್ತಲೂ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಲು ಹೇಳಿದರು. ಸಿಟ್ಟಿನಿಂದ ಅಲ್ಲ, ಮಗು ತಟ್ಟಿ ಮಲಗಿಸುವ ಹಾಗೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಟಣ್ ಅಂತದೆ. ಇನ್ನೂ ಒಂದೇ ಮೈ. ತಟ್ಟಿ." ನಾನು ತಟ್ಟಿದೆ. ಟಣ್, ಟಣ್, ಟಣ್. ಎಷ್ಟೋ ಹೊತ್ತಿನ ಮೇಲೆ ಆ ಶಬ್ದದ ಬುಡದಲ್ಲಿ ಏನೋ ಮುರಿದು, ಟಕ್ ಎಂದಿತು. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಮಾವನಿಗೆ ಆಯಿತು. "ಹಾಂ, ಬೇರೆ ಆತು. ಈಗ ತಿರ್ಗ್ಸಿ." ಪಾನಾ ಹಾಕಿದೆ. ಕಿರ್ರ್ ಎಂದು ಒಮ್ಮೆ ಅತ್ತು ಬೋಲ್ಟು ಸುತ್ತು ಬಂತು. ಅಷ್ಟು ಸುಲಭವಾಗಿ ಬಂದದ್ದಕ್ಕೆ ನನಗೆ ಅವಮಾನವೂ ಆಯಿತು, ಕಣ್ಣಲ್ಲಿ ನೀರೂ ಬಂತು. ತುಕ್ಕಿನ ಪುಡಿ ಬಿದ್ದಿತ್ತು ಎಂದು ಮಾದೇವಿಗೆ ಹೇಳಿದೆ.

ಮಾವ ನಮ್ಮಲ್ಲಿಯೇ ಉಳಿದುಕೊಂಡರು. ಎರಡನೆಯದು ಬಂದದ್ದು ಮರುದಿನ, ಮುಕ್ಕಾಲು ಗಂಟೆ ತಡವಾಗಿ. ಇಳಿತ ಪ್ರತಿದಿನ ಅಷ್ಟಷ್ಟು ತಡವಾಗುತ್ತದೆ, ನಾನು ಟೈಪಿಂಗ್ ಕ್ಲಾಸಿನ ಸಂಜೆಯ ಪಾಳಿಯನ್ನು ಕಡಲಿಗೆ ಹೊಂದಿಸಿ ಮುಂದೂಡಿದೆ. ಮೂರನೆಯ ಬೋಲ್ಟು ಮಾತ್ರ ಬೇರೆ ಜಾತಿಯದು. ಅದು ಕೊಳವೆಯ ಮೇಲ್ಮಗ್ಗುಲಲ್ಲಿ, ಕೈ ತಿರುಗದ ಸಂದಿಯಲ್ಲಿ ಅಡಗಿತ್ತು. ಅದರ ಮರುದಿನ ಮಧ್ಯಾಹ್ನ ಊಟ ಮುಗಿದ ಕೂಡಲೇ ನಾನು ತಟ್ಟಿದೆ, ಎಳೆದೆ, ಬೈದೆ. ಟಣ್ ಬಿಟ್ಟು ಬೇರೆ ಶಬ್ದವೇ ಬರಲಿಲ್ಲ. ಹುಣ್ಣಿಮೆಗೆ ಎರಡೇ ದಿನವಿತ್ತು. ನಾಳೆ ಬೆಳಗ್ಗೆ ಇಡಗುಂಜಿಗೆ ಹೊರಡದಿದ್ದರೆ ಹನ್ನೊಂದು ಮನೆಯವರು ಇನ್ನೊಬ್ಬರ ದೋಣಿ ಕಡಲಿಗೆ ಹೋಗುವುದನ್ನು ದಡದಲ್ಲಿ ನಿಂತು ನೋಡಬೇಕು. "ಹೊತ್ತು ಆಗ್ಲಿಲ್ಲ. ಮೂರೂವರೆಗೆ ಪೂರಾ ಇಳಿತ. ಅಲ್ಲಿವರಿಗೆ ಎಣ್ಣೆ ಕುಡೀಲಿ, ನೀವೂ ಸುಮ್ನೆ ಬಿದ್ಕಳಿ" ಎಂದು ಮಾವ ಜಗಲಿಗೆ ಹೋದರು. ನಾನು ಹಠಕ್ಕೆ ಬಿದ್ದು ಹೊರಬರದೆ ಅಲ್ಲಿಯೇ ಕಾದೆ.

ಕಾಯುವುದೆಂದರೆ ನಿಮಗೆ ಗೊತ್ತೇ ಇದೆ. ಮಳೆ ಜಿನುಗುತ್ತಿತ್ತು. ಮಡಲಿನ ಸಂದಿಯಿಂದ ಬಂದ ಬೆಳಕು ಕಾರಿನ ಹೊಟ್ಟೆಯ ಮೇಲೆ ನೀರಿನ ಹಾಗೆ ಆಡುತ್ತಿತ್ತು. ಮೀನೆಣ್ಣೆಯ ವಾಸನೆ ನನಗೆ ಹಿತವೇ ಆಗತೊಡಗಿತ್ತು. ತುಕ್ಕಿನ ದ್ವೀಪಗಳು ಮೆಲ್ಲಗೆ ತೇಲಿದವು. ನಾನು ಕಾರಿನಡಿ ಇಲ್ಲ, ದೋಣಿಯೊಂದರ ಅಡಿ ಒದ್ದೆ ಮರಳಿನ ಮೇಲೆ ಮಲಗಿದ್ದೇನೆ. ನೀರು ನನ್ನ ಪಾದದಿಂದ ಹಿಂದೆ ಸರಿಯುತ್ತಿದೆ. ಸರಿದಷ್ಟೂ ಮರಳು ಹೊಳೆಯುತ್ತದೆ. ನನ್ನ ಏಳು ಟೈಪ್‌ರೈಟರುಗಳು ಮರಳಿನಲ್ಲಿ ಅರ್ಧ ಹೂತು ಕೂತಿವೆ, ಏಡಿಗಳು ಅವುಗಳ ಮೇಲೆ ಹತ್ತಿ ಇಳಿದು ಏನೋ ಅರ್ಜಿ ಕುಟ್ಟುತ್ತಿವೆ. ಕಿವಿಯ ಪಕ್ಕದಲ್ಲೇ ಯಾರೋ ಮೆಲ್ಲಗೆ ತಟ್ಟುತ್ತಿದ್ದಾರೆ. ಟಣ್, ಟಣ್, ಟಣ್. ಯಾರೋ ಉಸಿರು ಬಿಗಿಹಿಡಿದು ನರಳಿದರು. ದೋಣಿಯೇ ಇರಬೇಕು ಎಂದುಕೊಂಡೆ. ಟಕ್.

"ಮಾಸ್ತರೇ, ಇಳಿತ ಆತು. ಈಗ ನೋಡಿ" ಎಂದು ಮಾವನ ದನಿ ಕೇಳಿ ಎಚ್ಚರವಾಯಿತು. ಅವರು ಜಗಲಿಯ ಮೇಲೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಮಾದೇವಿ ಅವರ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. "ಮಳೆಗೆ ನೋವು ಜಾಸ್ತಿ" ಎಂದರು. ನಾನು ಕಣ್ಣುಜ್ಜಿಕೊಂಡು ಸಂದಿಯಲ್ಲಿ ಕೈ ತೂರಿಸಿ ಪಾನಾ ಹಾಕಿದೆ. ಉಸಿರು ಎಳೆದುಕೊಂಡು, ಕುಲದೇವರನ್ನು ನೆನೆದು, ಇದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಿದೆ. ಬೋಲ್ಟು ಬೆಣ್ಣೆಯೊಳಗಿನ ಕಡ್ಡಿಯ ಹಾಗೆ ಸುತ್ತಿತು! ಅಷ್ಟು ಶಕ್ತಿ ಬೇಕಿರಲಿಲ್ಲವಾದ್ದರಿಂದ ನನ್ನ ಮೊಣಕೈ ಕಾರಿಗೆ ಬಡಿಯಿತು. ಅದನ್ನು ಲೆಕ್ಕಿಸದೆ ಬೋಲ್ಟನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಉರುಳಿ ಬಂದು ಅಂಗಳದ ಮಳೆಯಲ್ಲಿ ನಿಂತು ಕೂಗಿದೆ. ಬೆಕ್ಕುಗಳು ಚದುರಿದವು. ಜಗಲಿಗೆ ಓಡಿದಾಗ ಮಾವ ನನ್ನ ಕೈ ಎಳೆದುಕೊಂಡು ಅಂಗೈ ನೋಡಿದರು. ಏಳು ದಿನದ ಗುಳ್ಳೆ ಒಡೆದು, ಒಣಗಿ, ಜಡ್ಡುಗಟ್ಟಿತ್ತು. ಹೆಬ್ಬೆರಳಿನಿಂದ ಒತ್ತಿದರು. "ಬಂತಲ್ಲ ಅಳಿಯಾ" ಎಂದರು.

ಹೌದು, ಅಳಿಯಾ ಎಂದರು. ಬೋಲ್ಟು ಬಂತು ಎಂದರೋ ಜಡ್ಡು ಬಂತು ಎಂದರೋ ನಾನು ಕೇಳಲು ಹೋಗಲಿಲ್ಲ. ಅಂದೇ ಸಂಜೆ ಸಾಹೇಬರ ಮಾಳಿಗೆಯ ಸೈಲೆನ್ಸರ್ ಕೂಡಿಸಿದೆವು. ಮರುದಿನ ಬೆಳಗಿನ ಮಳೆಯಲ್ಲಿ ಮುರುಡೇಶ್ವರ ದಾಟಿ, ಮಂಕಿ ದಾಟಿ ಹೋಗುವಾಗ ಕಾರು ಎಷ್ಟು ಮೆಲ್ಲಗೆ ಉಸಿರಾಡುತ್ತಿತ್ತೆಂದರೆ ಗದ್ದೆಯ ಕಪ್ಪೆಗಳ ದನಿ ಒಳಗೆ ಕೇಳುತ್ತಿತ್ತು. ಒಂದು ಕಡೆ ಮೋಡ ಕವಿದ ಗುಡ್ಡ, ಇನ್ನೊಂದು ಕಡೆ ಆಗಾಗ ಇಣುಕುವ ಬೂದು ಕಡಲು. ನನಗೆ ಆ ದಾರಿ ಮುಗಿಯುವುದೇ ಬೇಡವಾಗಿತ್ತು. ಇಡಗುಂಜಿಯಲ್ಲಿ ಮಾವ ನನ್ನ ಹೆಗಲು ಹಿಡಿದು, ಕಾಲು ಎಳೆಯುತ್ತ ಒಳಗೆ ಹೋಗಿ ಪಂಚಕಜ್ಜಾಯ ಒಪ್ಪಿಸಿದರು. ಮೊದಲಿಗಿಂತ ಹೆಚ್ಚು ಕುಂಟುತ್ತಿದ್ದರು. ನಾನು ಮಳೆಯನ್ನು ಬೈದೆ. ತಿರುಗಿ ತೆಂಗಿನಗುಂಡಿಗೆ ಬಂದಾಗ ದೋಣಿಯವರಿಗೆ ಪ್ರಸಾದ ಹಂಚುತ್ತ, "ಮೂರು ಬೋಲ್ಟ್ ಹಿಡ್ಕಂಡಿತ್ತು. ಕಡೇದು ನಮ್ಮ ಅಳಿಯ ಒಂದೇ ಎಳ್ತಕ್ಕೆ ತೆಗ್ದ, ನಾ ಕಣ್ಣಾರೆ ಕಂಡೆ" ಎಂದರು. ಆ ಹುಣ್ಣಿಮೆಗೆ ದೋಣಿ ಎಳೆಯುವಾಗ ನನಗೆ ಯಾರೂ ಕುರ್ಚಿ ತರಲಿಲ್ಲ. ಹಗ್ಗ ಕೊಟ್ಟರು.

ಆ ಮೂರನೆಯ ಬೋಲ್ಟನ್ನು ನಾನು ಕ್ಲಾಸಿನಲ್ಲಿ ನನ್ನ ಮೇಜಿನ ಮೇಲೆ, ಹಾಳೆಗಳು ಹಾರದಂತೆ ಇಟ್ಟುಕೊಂಡೆ. ಪ್ರತಿ ಹೊಸ ತಂಡಕ್ಕೆ ಮೊದಲ ಪಾಠದ ಬದಲು ಅದರ ಕತೆ ಹೇಳುತ್ತಿದ್ದೆ. ಛಲ, ಏಕಾಗ್ರತೆ, ಬೆರಳುಗಳ ಬಲ ಇತ್ಯಾದಿ. ವರ್ಷದಿಂದ ವರ್ಷಕ್ಕೆ ಬೋಲ್ಟು ದಪ್ಪವಾಗುತ್ತ ಹೋಯಿತು, ಕತೆಯೊಳಗೆ. ಮೀನೆಣ್ಣೆಯ ಭಾಗವನ್ನು ಬಿಟ್ಟುಬಿಡುತ್ತಿದ್ದೆ. ಕಾರು ಮಾತ್ರ ಅದನ್ನು ಮರೆಯಲಿಲ್ಲ, ಎಲ್ಲಿ ನಿಲ್ಲಿಸಿದರೂ ಹತ್ತು ನಿಮಿಷದಲ್ಲಿ ಒಂದು ಬೆಕ್ಕು ಬಂದು ಕೂರುತ್ತಿತ್ತು. ಹೀಗೆ ಆರೇಳು ವರ್ಷ ಕಳೆದ ಮೇಲೆ ಆ ಕಾರನ್ನು ಕೊಟ್ಟುಬಿಡುವ ದಿನ ಬಂತು. ಕೊಂಡವನು ಹೊನ್ನಾವರದ ಕಡೆ ಓಡಿಸಿಕೊಂಡು ಹೋದ. ಖಾಲಿಯಾದ ಮಾಡಿನ ಕೆಳಗೆ ನಿಂತು ನಾನು, "ಇಲ್ಲೇ ಅಲ್ಲವೇ ನಾನು ಆ ಬೋಲ್ಟು ತೆಗೆದದ್ದು" ಎಂದು ಬೇಸರದಲ್ಲಿ ಅಂದೆ.

"ಕಾರು ಹೋಯ್ತಲ್ಲ, ಈಗ ಹೇಳ್ದ್ರೆ ಅಡ್ಡಿಲ್ಲ" ಎಂದಳು ಮಾದೇವಿ. "ನೀವು ಗೊರಕೆ ಹೊಡೀತಿದ್ರಿ. ಅಪ್ಪ ಇನ್ನೊಂದು ಬದಿಯಿಂದ ಒಳ್ಗೆ ಹೋದ. ಕಾಲು ಮಡಚೂಕೆ ಆಗೂದಿಲ್ಲ, ಬಾಯಿಗೆ ಪಂಚೆ ಕಚ್ಕಂಡು ತೆವಳ್ಕಂಡು ಹೋದ. ತಟ್ಟಿ ತಟ್ಟಿ ಸಡ್ಲ ಮಾಡಿ, ಮತ್ತೆ ಕೈಯಲ್ಲೇ ಎರಡು ಸುತ್ತು ಬಿಗಿ ಮಾಡಿ ಬಂದ. ಹೊರ್ಗೆ ಎಳೂಕೆ ನಾನೇ ಬೇಕಾತು. 'ಹೇಳ್ಬೇಡ, ಅವ್ರೇ ತೆಗೀಲಿ' ಅಂದಿದ್ದ."

ಬಸ್ಸಿನ ಮೆಟ್ಟಿಲು ಹತ್ತಲಾರದ ಆ ಮೊಣಕಾಲಿಗಾಗಿಯೇ ಅಲ್ಲವೇ ನಾನು ಏಳು ದಿನ ಕಾರಿನಡಿ ಮಲಗಿದ್ದು? ಅದೇ ಮೊಣಕಾಲನ್ನು ಆ ಮನುಷ್ಯ ನನ್ನ ಪಕ್ಕದಲ್ಲಿಯೇ, ನನ್ನ ಗೊರಕೆ ಕೇಳುತ್ತ, ಮಣ್ಣಿನಲ್ಲಿ ಎಳೆದುಕೊಂಡು ಬಂದಿದ್ದರು. ಅಂದು ಕುಂಟಿದ್ದಕ್ಕೆ ನಾನು ಮಳೆಯನ್ನು ಬೈದಿದ್ದೆ. ನನಗೆ ನಿಜವಾಗಿ ಅಳು ಬಂತು, ಈ ಸಲ ತುಕ್ಕಿನ ನೆಪವೂ ಇರಲಿಲ್ಲ. ಅದೇ ಸಂಜೆ ಸೈಕಲ್ ಹತ್ತಿ ತೆಂಗಿನಗುಂಡಿಗೆ ಹೋದೆ. ಮಾವ ದಡದಲ್ಲಿ ಬಲೆ ಬಿಡಿಸುತ್ತ ಕೂತಿದ್ದರು. ಎದುರು ನಿಂತು, "ಮಾವ, ಆ ಮೂರನೆಯ ಬೋಲ್ಟು..." ಎಂದೆ. ಅವರು ತಲೆ ಎತ್ತದೆ ಕಡಲಿನ ಕಡೆ ಗದ್ದ ತೋರಿಸಿ, "ಇಳಿತ ಆಗಿತ್ತು, ಅದ್ಕೆ ಬಂತು. ಬಾ ಅಳಿಯಾ, ಈ ತುದಿ ಹಿಡಿ" ಎಂದರು. ನಾನು ಬಲೆಯ ತುದಿ ಹಿಡಿದೆ.

ಮರುದಿನ ಕ್ಲಾಸಿಗೆ ಹೊಸ ತಂಡ ಬಂದಿತ್ತು. ಬೋಲ್ಟು ಮೇಜಿನ ಮೇಲೆಯೇ ಇತ್ತು. ಸತ್ಯ ಹೇಳಿಬಿಡಬೇಕೆಂದು ಗಂಟಲು ಸರಿಮಾಡಿಕೊಂಡು ಕತೆ ಶುರುಮಾಡಿದೆ. ಅದು ಎಷ್ಟು ವರ್ಷಗಳಿಂದ ಓಡಿದ ದಾರಿಯೋ, ನನ್ನ ಕೈ ಮೀರಿ ಅದೇ ದಾರಿಯಲ್ಲಿ ಓಡಿ, ಅದೇ ಅಂಗಳದ ಮಳೆಯಲ್ಲಿ ಬೋಲ್ಟು ಹಿಡಿದು ಕೂಗುವಲ್ಲಿಗೆ ಬಂದು ನಿಂತಿತು. ಮುಂದಿನ ಸಾಲಿನಲ್ಲಿ ಕೂತ, ಕಣ್ಣಿಗೆ ಕನ್ನಡಕ ಹಾಕಿದ ಹುಡುಗಿಯೊಬ್ಬಳು ಬೋಲ್ಟನ್ನು ಎತ್ತಿ ತೂಗಿ ನೋಡಿ, "ಇದನ್ನ ನೀವೇ ತೆಗ್ದದ್ದಾ ಸರ್?" ಎಂದು ಕೇಳಿದಳು.

ನಾನು ಗೋಡೆಯ ಗಡಿಯಾರದ ಕಡೆ ನೋಡಿದೆ. ಹೊರಗೆ ಎಲ್ಲೋ ಕಡಲು ಇಳಿಯುವ ಹೊತ್ತು.

"ಟೈಪ್ ಮಾಡಿ, ಟೈಪ್ ಮಾಡಿ" ಎಂದೆ.